ಬೆಚ್ಚಗಿಟ್ಟರೆ ಸಾಯುವ ಪ್ರಾಣಿ

ಡಿಸೆಂಬರ್ 9, 1983

ಆಸ್ಪತ್ರೆಯವರು ಬಿಟ್ಟರು, ಅಕ್ಕ ಹಿಡಿದಳು. ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್ ಮೆತ್ತಿದ ಬಲಗಾಲನ್ನು ಮುಂದಕ್ಕೆ ಚಾಚಿಕೊಂಡು ಅವಳ ಮನೆಯ ನಡುಕೋಣೆಯಲ್ಲಿ ಬಿದ್ದಿದ್ದೇನೆ. ಯಾತ್ಸುಗತಾಕೆ ಬೆಟ್ಟ ಈ ಮನೆಯ ಬೆನ್ನಿಗೇ ಇದೆ. ಆದರೆ ಆ ಕಡೆಯ ಕಿಟಕಿಗಳಿಗೆಲ್ಲ ಚಳಿಗಾಲಕ್ಕೆಂದು ಹಲಗೆ ಹೊಡೆದಾಗಿದೆ. ನನಗೆ ಉಳಿದಿರುವ ಒಂದೇ ಒಂದು ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಹಾಮಾನ ಲಾರಿಯ ಹಿಂಭಾಗ.

ಅಕ್ಕ ಕಿನುಯೊಗೆ ಅರವತ್ತೆಂಟು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಾಳೆ. ಉಪಚಾರ ಮಾಡಲು ಯಾರೂ ಸಿಗದೆ ಕೈ ಕಡಿಯುತ್ತಿತ್ತೋ ಏನೋ, ಬಂದ ಗಳಿಗೆಯಲ್ಲೇ ನನ್ನನ್ನು ಕೊತಾತ್ಸುವಿನೊಳಗೆ ಸೊಂಟದವರೆಗೆ ತುರುಕಿದಳು. ರಜಾಯಿ ಹೊದಿಸಿದ ಆ ಗಿಡ್ಡ ಮೇಜಿನ ಕೆಳಗೆ ವಿದ್ಯುತ್ ಕಾವು ಇಡೀ ದಿನ ಉರಿಯುತ್ತದೆ. ಸಾಲದ್ದಕ್ಕೆ ಮೂಲೆಯಲ್ಲಿ ಸೀಮೆಎಣ್ಣೆ ಒಲೆ.

“ಅಕ್ಕ, ಸೆಕೆ ಆಗ್ತಿದೆ.”

“ಆಗ್ಲಿ. ಬೆಟ್ಟದ ಮೇಲೆ ನರಿ ಥರ ಬದುಕಿ ಮೂಳೆಯೊಳಗೆಲ್ಲ ಹಿಮ ಸೇರ್ಕೊಂಡಿದೆ ನಿಂಗೆ. ಕರಗ್ಲಿ.”

ಬೆಟ್ಟದ ಮೇಲಿನ ನನ್ನ ಗುಡಿಸಲಿನ ಹತ್ತಿರದ ತೊರೆಯಲ್ಲಿ ಪಾಚಿಗಲ್ಲಿನ ಮೇಲೆ ಕಾಲಿಟ್ಟು ಜಾರಿದ್ದು ನನ್ನದೇ ತಪ್ಪು, ಒಪ್ಪುತ್ತೇನೆ. ಅದಕ್ಕೆ ಇಷ್ಟು ಶಿಕ್ಷೆ ಬೇಕಿರಲಿಲ್ಲ. ಏಪ್ರಿಲ್ ಹೊತ್ತಿಗೆ ನಾನು ಮೇಲಿರಲೇಬೇಕು. ಕರಡಿ, ಜಿಂಕೆಗಳ ಚಿತ್ರ ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ. ಮೂಗಿಲಿ, ಕಾಡಿಲಿ, ಯಾಮಾನೆ ಇವುಗಳ ಬಗ್ಗೆ ಬರೆದು ಚಿತ್ರ ತೆಗೆದು ಇಡೀ ಆಯುಷ್ಯ ಸವೆಸಿದವನು ಈ ಸೀಮೆಯಲ್ಲಿ ನಾನೊಬ್ಬನೇ. ಯಾಮಾನೆಯ ಪುಸ್ತಕ ಮುಕ್ಕಾಲು ಮುಗಿದಿದೆ. ಚಳಿಗಾಲವೆಲ್ಲ ಮಲಗಿದ ಆ ಪುಟ್ಟ ಪ್ರಾಣಿ ಕಾಡಿನಲ್ಲಿ ಮೊದಲ ಸಲ ಕಣ್ಣು ಬಿಡುವ ಚಿತ್ರವೊಂದು ಸಿಕ್ಕರೆ ಸಾಕು.

ಅಕ್ಕ ಮತ್ತೆ ಬಂದು ಭುಜದ ಮೇಲೆ ಇನ್ನೊಂದು ಶಾಲು ಹೊದಿಸಿ ಹೋದಳು. ನಾನು ಕೇಳಿರಲಿಲ್ಲ.

ಡಿಸೆಂಬರ್ 14

ಇವತ್ತು ಬರೆಯಲು ವಿಷಯವಿದೆ!

ಹಾಮಾ ಲಾರಿಯಲ್ಲಿ ಗುಡಿಸಲಿನಿಂದ ನನ್ನ ಸಾಮಾನು ತಂದಿಳಿಸಿದ. ಹಾಸಿಗೆ, ಕ್ಯಾಮೆರಾ ಪೆಟ್ಟಿಗೆ, ಹತ್ತಿ ತುಂಬಿದ ಹಳೇ ಅಂಗಿ. ಅಕ್ಕ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಥೂ, ಇದೇನು ಅಂಗಿಯೋ, ಸತ್ತ ಬೆಕ್ಕೋ?” ಎಂದು ಒಂದು ಸಲ ಕೊಡವಿದಳು. ತೋಳಿನೊಳಗಿಂದ ಏನೋ ಉದುರಿ, ಚಾಪೆಯ ಮೇಲೆ ಉರುಳಿಕೊಂಡು ಬಂದು ನನ್ನ ಪ್ಲಾಸ್ಟರಿಗೆ ತಾಗಿ ನಿಂತಿತು.

ಅಕ್ಕ ಕಿರುಚಿದ್ದಕ್ಕೆ ಹಾಮಾ ಬೂಟು ಹಾಕಿಕೊಂಡೇ ಒಳಗೆ ನುಗ್ಗಿದ.

ಯಾಮಾನೆ! ಬಾಲವನ್ನು ಮುಖದ ಮೇಲೆ ಹೊದ್ದುಕೊಂಡು, ನಾಲ್ಕು ಕಾಲೂ ಹೊಟ್ಟೆಗೆ ಒತ್ತಿಕೊಂಡು, ನಿಂಬೆಹಣ್ಣಿಗಿಂತ ಚಿಕ್ಕ ಉಂಡೆ. ಬೆನ್ನ ಮೇಲೆ ಕಪ್ಪು ಗೆರೆ. ಮುಟ್ಟಿದರೆ ಕಲ್ಲಿನಷ್ಟು ತಣ್ಣಗಿದೆ. ಚಳಿಗಾಲ ಕಳೆಯಲು ನನ್ನ ಅಂಗಿ ತೋಳನ್ನು ಆರಿಸಿಕೊಂಡಿದೆ, ಪಾಪದ್ದು. ಅಷ್ಟೆಲ್ಲ ಉರುಳಿದರೂ ಎಚ್ಚರವಾಗಿಲ್ಲ.

“ಇಲಿ! ಸತ್ತಿಲಿ! ಹೊರಗೆ ಎಸಿ ಹಾಮಾ!”

“ಇಲಿ ಅಲ್ಲ ಅಕ್ಕ. ಸತ್ತೂ ಇಲ್ಲ. ಮಲಗಿದೆ.”

“ಮಲಗಿದ್ರೆ ಮೈ ಯಾಕೆ ಮಂಜುಗಡ್ಡೆ ಥರ ಇದೆ?”

“ಹಾಗೇ ಮಲಗೋದು ಅದು.”

ಹಾಮಾ ಬೂಟು ಬಿಚ್ಚಿ ಅದರ ಮುಂದೆ ತಲೆ ಬಾಗಿಸಿದ. ಅವನಪ್ಪ ಮರ ಕಡಿಯುವವನು. ಮರದ ಪೊಟರೆಯಲ್ಲಿ ಯಾಮಾನೆ ಸಿಕ್ಕಿದರೆ ಬೆಟ್ಟದ ಕಾವಲು ದೇವರೆಂದು ವಾಪಸ್ ಮುಚ್ಚಿಟ್ಟು ಬರುತ್ತಿದ್ದನಂತೆ. ಅಕ್ಕನ ಮುಖ ಸ್ವಲ್ಪ ಸಡಿಲವಾಯಿತು. ದೇವರನ್ನು ಹೊರಗೆ ಎಸೆಯುವ ಧೈರ್ಯ ಅವಳಿಗಿಲ್ಲ.

ಈಗ ಹಿಮದಲ್ಲಿ ಬಿಟ್ಟರೆ ಅದರ ಕಥೆ ಮುಗಿಯುತ್ತದೆ. ಈ ಕಾದ ಕೋಣೆಯಲ್ಲಿಟ್ಟರೆ ಎದ್ದುಬಿಡುತ್ತದೆ. ಮೈಯ ಕೊಬ್ಬೆಲ್ಲ ಏಳುವುದಕ್ಕೇ ಸುಟ್ಟುಹೋಗಿ ಹಸಿವಿನಿಂದ ಸಾಯುತ್ತದೆ. ಹಿತ್ತಿಲ ಕಡೆ, ಅಕ್ಕ ಸೊಪ್ಪಿನ ಉಪ್ಪಿನಕಾಯಿಯ ಪೀಪಾಯಿಗಳನ್ನಿಡುವ ಕತ್ತಲ ಕೋಣೆಯೊಂದೇ ಸರಿಯಾದ ಜಾಗ. ಪೆಟ್ಟಿಗೆಗೆ ಒದ್ದೆ ಪಾಚಿ, ಒಣ ಎಲೆ ಹಾಕಿ ಮೇಲೆ ಜಾಲರಿ ಮುಚ್ಚಿಸಿ ಅಲ್ಲಿಡಿಸಿದೆ. ಯಾಮಾನೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಇಟ್ಟುಕೊಂಡಿಲ್ಲ, ಅದೇ ಬಂದು ಮಲಗಿದೆ ಎಂದು ಹೇಳಿದರಾಯಿತು.

ಏಪ್ರಿಲ್‌ನಲ್ಲಿ ನಾನೇ ಇದನ್ನು ಮೇಲೆ ಒಯ್ದು, ಅದರ ಮರದಲ್ಲಿ ಬಿಟ್ಟು, ಅದು ಕಣ್ಣು ಬಿಡುವುದನ್ನು ಚಿತ್ರ ತೆಗೆಯುತ್ತೇನೆ.

ಡಿಸೆಂಬರ್ 15

ಅಕ್ಕ ಉಪ್ಪಿನಕಾಯಿ ತರಲು ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದವಳು, “ಪಾಪ, ಅಲ್ಲಿ ನನ್ ಕೈಯೇ ಮರಗಟ್ಟತ್ತೆ. ಅದಕ್ಕೆ ಒಂದು ಹತ್ತಿ ಬಟ್ಟೆ ಹೊದಿಸಲಾ?” ಎಂದಳು.

“ಬೇಡ. ಬೆಚ್ಚಗಾದ್ರೆ ಸಾಯತ್ತೆ ಅಂತ ಎಷ್ಟು ಸಲ ಹೇಳ್ಲಿ?”

“ಬೆಚ್ಚಗಿಟ್ರೆ ಸಾಯೋ ಪ್ರಾಣಿ ಪ್ರಪಂಚದಲ್ಲಿ ನೀವಿಬ್ರೇ,” ಎಂದು ಒಲೆಯ ಬತ್ತಿ ಇನ್ನಷ್ಟು ಏರಿಸಿದಳು.

ಡಿಸೆಂಬರ್ 28

ಟೋಕಿಯೊದಿಂದ ನನ್ನ ಪುಸ್ತಕದ ಸಂಪಾದಕ ನಿಶಿಗಾಯ ಫೋನ್ ಮಾಡಿದ್ದ. ಯಾಮಾನೆ ಮನೆಯಲ್ಲೇ ಇದೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

“ಮೇಷ್ಟ್ರೇ! ಹಾಗಾದ್ರೆ ಏಪ್ರಿಲ್ ತನಕ ಯಾಕೆ ಕಾಯೋದು? ಸ್ವಲ್ಪ ಒಲೆ ಹತ್ರ ಇಟ್ರೆ ಕಣ್ಣು ಬಿಡತ್ತಲ್ವಾ? ಹಿಂದೆ ನಾಲ್ಕು ಎಲೆ ಇಟ್ಟು ಒಂದು ಫೋಟೋ ಹೊಡೀರಿ. ಯಾರಿಗೆ ಗೊತ್ತಾಗತ್ತೆ?”

“ನಿನ್ನನ್ನ ಒಲೆ ಹತ್ರ ಇಟ್ಟು ಹೊಡೀತೀನಿ, ಬಾ,” ಎಂದು ಫೋನ್ ಕುಕ್ಕಿದೆ.

ಕುಕ್ಕಿದ್ದೇನೋ ಸರಿ. ಆದರೆ ಆಮೇಲೆ ಸಂಜೆಯವರೆಗೂ ಅದನ್ನೇ ಯೋಚಿಸುತ್ತಿದ್ದೆ. ಒಂದೇ ಒಂದು ಚಿತ್ರ. ಹೇಗಿದ್ದರೂ ಕ್ಯಾಮೆರಾ ಇಲ್ಲೇ ಇದೆ. ನಾಚಿಕೆಯಾಯಿತು, ಆದರೂ ಯೋಚಿಸಿದೆ.

ಜನವರಿ 3

ಹೊಸ ವರ್ಷ. ಮೋಚಿ ಎಂಬ ಅಕ್ಕಿ ಕಡುಬು ಹಾಕಿದ ಸಾರು ಮೂರು ದಿನದಿಂದ. ಊರಿನವರು ಶುಭಾಶಯ ಹೇಳಲು ಬಂದು ನನ್ನನ್ನು ಸುತ್ತುವರಿದು ಕೂತು, ನಾನೇನೋ ಹೂಜಿ ಎಂಬಂತೆ ನನ್ನ ಬಗ್ಗೆ ನನ್ನೆದುರೇ ಮಾತಾಡುತ್ತಾರೆ.

“ಇನ್ಮೇಲೆ ಇಲ್ಲೇ ಇರ್ತಾನಂತಾ, ಕಿನುಯೊ?”

“ಇಲ್ದೆ ಇನ್ನೆಲ್ಲಿಗೆ ಹೋಗ್ತಾನೆ?”

ಅವರು ಹೋದ ಮೇಲೆ ಜಗಳವಾಡಿದೆ. ನಾನು ಏಪ್ರಿಲ್‌ಗೆ ಹೋಗುವವನೇ, ಇಲ್ಲಸಲ್ಲದ್ದು ಹಬ್ಬಿಸಬೇಡ ಎಂದೆ. ಅವಳು ಪಾತ್ರೆ ತೊಳೆಯುತ್ತಾ, “ಹೂಂ, ಹೋಗು ಹೋಗು,” ಎಂದಳು. ಹಠ ಮಾಡುವ ಮಗುವಿಗೆ ಹೇಳುತ್ತಾರಲ್ಲ, ಹಾಗೆ.

ಜನವರಿ 24

ಪ್ಲಾಸ್ಟರ್ ತೆಗೆದರು. ಕಾಲು ಕಡ್ಡಿಯಾಗಿದೆ. ಡಾಕ್ಟರ್ ಮೊಣಕಾಲನ್ನು ಅತ್ತಿತ್ತ ಒತ್ತಿ ಏನೇನೋ ಹೇಳಿದ. ನನಗಲ್ಲ, ಅಕ್ಕನಿಗೆ. ಬರೆದಿಡುವಂಥ ಮಾತಲ್ಲ.

ಜನವರಿ 27

ಅಕ್ಕ ಅಂಗಡಿಗೆ ಹೋದಾಗ ಊರುಗೋಲು ಹಿಡಿದು ಹೊರಬಿದ್ದೆ. ಸುಮ್ಮನೆ ಬೆಟ್ಟ ಕಾಣುವಷ್ಟು ದೂರ ಹೋಗೋಣ ಎಂದು. ಹಾಮಾನ ಲಾರಿ ದಾಟುವಷ್ಟರಲ್ಲಿ ಹಿಮದಲ್ಲಿ ಮುಖ ಅಡಿಯಾಗಿ ಬಿದ್ದೆ. ಮಡಚದ ಕಾಲು ಹೊತ್ತವನು ತಾನಾಗಿ ಏಳುವುದು ಅಷ್ಟು ಸುಲಭವಲ್ಲ. ಹಾಮಾ ಬಂದು ಮೂಲಂಗಿ ಮೂಟೆಯಂತೆ ಎತ್ತಿಕೊಂಡು ಒಳಗೆ ತಂದ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಲೆ ಒರೆಸಿ, ಒದ್ದೆ ಕಾಲುಚೀಲ ಬಿಚ್ಚಿ, ಮತ್ತೆ ಕೊತಾತ್ಸುವಿನೊಳಗೆ ತಳ್ಳಿ, ರಜಾಯಿಯ ಅಂಚನ್ನು ಸುತ್ತಲೂ ಒತ್ತಿ ಮುಚ್ಚಿದಳು. ಜೋರಾಗಿ ಅಳಬೇಕೆನಿಸಿತು, ಆದರೆ ಅಕ್ಕ ಎದುರಿಗಿದ್ದಳು.

ಫೆಬ್ರವರಿ 6

ಇವತ್ತಿನದನ್ನು ಬರೆದೇ ಮಲಗುತ್ತೇನೆ.

ಈ ವರ್ಷದಂಥ ಚಳಿ ಎಂದೂ ಕಂಡಿಲ್ಲ ಎಂದು ಎಲ್ಲರೂ ಹೇಳುತ್ತಿದ್ದಾರೆ. ನಿನ್ನೆ ಮಲಗುವ ಮುಂಚೆ ಪೀಪಾಯಿಯೊಳಗಿನ ಸೊಪ್ಪೂ ಗಡ್ಡೆ ಕಟ್ಟಿತೆಂದು ಅಕ್ಕ ಗೊಣಗುತ್ತಿದ್ದಳು. ಬೆಳಿಗ್ಗೆ ಉಪ್ಪಿನಕಾಯಿ ಕೋಣೆಯಿಂದ ಸದ್ದು ಬಂತು. ಪರಪರ, ಚಿರ್ ಚಿರ್. ಕೋಲು ಊರಿಕೊಂಡು ಹೋಗಿ ನೋಡಿದರೆ, ಪೆಟ್ಟಿಗೆಯ ಒಳಗೆ ಯಾಮಾನೆ ಮೂಲೆಯಿಂದ ಮೂಲೆಗೆ ಓಡುತ್ತಿದೆ. ಜಾಲರಿಗೆ ತಲೆಕೆಳಗಾಗಿ ಜೋತು ಬಿದ್ದು ನನ್ನನ್ನೇ ನೋಡುತ್ತಿದೆ. ಪೆಟ್ಟಿಗೆಗೆ ಒತ್ತಿಕೊಂಡು, ಟವೆಲ್ ಸುತ್ತಿದ ಯುತಾಂಪೊ. ಅಕ್ಕ ರಾತ್ರಿ ಹಾಸಿಗೆಯಲ್ಲಿ ಕಾಲ ಬಳಿ ಇಟ್ಟುಕೊಳ್ಳುವ, ಬಿಸಿನೀರು ತುಂಬಿದ ಅದೇ ತಗಡಿನ ಡಬ್ಬಿ. ತನ್ನದನ್ನು ಅದಕ್ಕೆ ಕೊಟ್ಟು ತಾನು ಚಳಿಯಲ್ಲಿ ಮಲಗಿದ್ದಾಳೆ.

“ಏನು ಮಾಡ್ದೆ ನೀನು!”

“ಚಳಿಗೆ ಸತ್ತೇ ಹೋಗತ್ತೆ ಅನ್ಸ್ತು ಕಣೋ… ನೋಡು, ಎದ್ದಿದೆ, ಎಷ್ಟು ಚೂಟಿಯಾಗಿದೆ…”

“ಅದು ಚೂಟಿ ಅಲ್ಲ, ಸಾಯೋಕೆ ಮುಂಚಿನ ಓಡಾಟ! ನಿನ್ನ ಕೈಯಲ್ಲಿ ಬೆಚ್ಚಗಾದದ್ದು ಯಾವುದು ಬದುಕಿದೆ? ಭಾವನ್ನೂ ಹೀಗೇ ಹೊದಿಸಿ ಹೊದಿಸಿ ಸಾಯಿಸಿದೆ!”

ಆಡಿದ ಮಾತು ಅದೇ. ಒಂದಕ್ಷರ ಬದಲಿಸದೆ ಬರೆದಿದ್ದೇನೆ. ಭಾವ ಲಕ್ವ ಹೊಡೆದು ವರ್ಷಗಟ್ಟಲೆ ಮಲಗಿದ್ದರು. ಅಕ್ಕ ಒಬ್ಬಳೇ ನೋಡಿಕೊಂಡಳು. ನಾನು ಆಗ ಬೆಟ್ಟದಲ್ಲಿ ಮೂಗಿಲಿಯ ಗೂಡು ಕಾಯುತ್ತಿದ್ದೆ, ಮಣ್ಣಿಗೂ ಬರಲಿಲ್ಲ.

ಅಕ್ಕ ನನ್ನನ್ನು ನೋಡಲಿಲ್ಲ. ಯುತಾಂಪೊ ಎತ್ತಿಕೊಂಡು ಹೋಗಿ ಅಂಗಳದ ಹಿಮಕ್ಕೆ ನೀರು ಸುರಿದಳು. ವಾಪಸ್ ಬಂದು ಗೋಡೆಗೆ ಹೇಳುವಂತೆ ಕೇಳಿದಳು:

“ಈಗ ಏನು ಮಾಡ್ಬೇಕು, ಹೇಳು.”

ಆ ಕೋಣೆ ಇಕ್ಕಟ್ಟು. ಪೀಪಾಯಿಗಳ ನಡುವೆ ನೆಲಕ್ಕೆ ಕೂರಲು ನನ್ನ ಕಾಲು ಮಡಚುವುದಿಲ್ಲ. ಬಾಗಿಲಲ್ಲಿ ನಿಂತು ಹೇಳಿದೆ, ಅವಳು ಮಾಡಿದಳು. ಜೇನು ನೀರಿಗೆ ಬೆರೆಸಿ, ಸೇಬು ಹೆಚ್ಚಿ, ಆಕ್ರೋಟು ಜಜ್ಜಿ. ಇಲಿ ಕಂಡರೆ ಮೇಜು ಹತ್ತುವ ಹೆಂಗಸು ಜೇನಿನಲ್ಲಿ ಅದ್ದಿದ ಬೆರಳನ್ನು ಜಾಲರಿಯೊಳಗೆ ಇಟ್ಟಳು. ಅದು ಬಂದು ನೆಕ್ಕಿತು.

ಈಗ ಬರೆಯುವಾಗ ಹೊಳೆಯುತ್ತಿದೆ. ಅದರ ಕಣ್ಣು ಪೂರ್ತಿ ತೆರೆದಿತ್ತು. ಕ್ಯಾಮೆರಾ ಪಕ್ಕದ ಕೋಣೆಯಲ್ಲೇ ಇತ್ತು. ನೆನಪೇ ಆಗಲಿಲ್ಲ.

ಫೆಬ್ರವರಿ 9

ಅಕ್ಕ ಮಾತಾಡುತ್ತಿಲ್ಲ. ಅನ್ನ ಇಡುತ್ತಾಳೆ, ಹೋಗುತ್ತಾಳೆ. ಯಾಮಾನೆ ತಿನ್ನುತ್ತಿದೆ, ಆದರೆ ಮಲಗುತ್ತಿಲ್ಲ. ನಡುಕೋಣೆಯ ಕಾವು ಅಲ್ಲಿಗೂ ನುಸುಳುತ್ತದೆ ಎಂದು ನಿನ್ನೆ ನಾನು ನನ್ನಷ್ಟಕ್ಕೇ ಗೊಣಗಿದ್ದೆ.

ಇವತ್ತು ಎದ್ದು ನೋಡಿದರೆ ಒಲೆ ಆರಿದೆ. ಕೊತಾತ್ಸುವಿನ ತಂತಿ ಕಿತ್ತು ಸುತ್ತಿಟ್ಟಿದ್ದಾಳೆ. ಇಡೀ ಮನೆ ಹಿತ್ತಿಲಿನಷ್ಟು ತಣ್ಣಗಿದೆ. ಅಕ್ಕ ಮೂರು ಅಂಗಿ, ತಲೆಗೆ ವಸ್ತ್ರ, ಬಾಯಿಂದ ಹೊಗೆ. ಸೊಪ್ಪು ಹೆಚ್ಚುತ್ತಾ ಕೂತಿದ್ದಾಳೆ.

ಮಧ್ಯಾಹ್ನದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ.

“ಅಕ್ಕ, ಒಂದು ಶಾಲು ಕೊಡ್ತೀಯಾ?”

ತಂದು ಕೊಟ್ಟಳು. ಹೊದಿಸಲಿಲ್ಲ. ಮಡಿಲಿಗೆ ಹಾಕಿ ಹೋದಳು.

ಫೆಬ್ರವರಿ 13

ಮಲಗಿತು.

ಫೆಬ್ರವರಿ 14

ಅಕ್ಕ ಸೊಸೈಟಿಗೆ ಹೋಗಿದ್ದಾಗ ಭಾವನ ಫೋಟೋ ಇಟ್ಟಿರುವ ಪೂಜೆಯ ಗೂಡಿನ ಮುಂದೆ ಹೋಗಿ ಗಂಟೆ ಬಾರಿಸಿದೆ. ಮಂಡಿಯೂರಲು ಆಗದು. ನಿಂತೇ ಕೈಮುಗಿದೆ. “ಭಾವ, ಬಾಯಿಗೆ ಬಂದದ್ದು ಆಡಿಬಿಟ್ಟೆ. ತಪ್ಪಾಯ್ತು,” ಎಂದು ಜೋರಾಗಿಯೇ ಹೇಳಿದೆ. ತಿರುಗಿದರೆ ಅಕ್ಕ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾಳೆ. ಪರ್ಸು ಮರೆತು ವಾಪಸ್ ಬಂದಿದ್ದಳಂತೆ.

“ಅವರಿಗೆ ಕಿವಿ ಮಂದ. ಇನ್ನೂ ಸ್ವಲ್ಪ ಜೋರಾಗಿ ಹೇಳು,” ಎಂದು ಪರ್ಸು ತೆಗೆದುಕೊಂಡು ಹೋದಳು.

ಮಾರ್ಚ್ 11

ಪುಸ್ತಕಕ್ಕೆ ಒಂದು ಪುಟವೂ ಬರೆದಿಲ್ಲ. ಬೇರೆ ಪ್ರಾಣಿ ಕಾಣದೆ ಅಕ್ಕನನ್ನೇ ಗಮನಿಸುತ್ತಿದ್ದೇನೆ. ಎದ್ದ ಕೂಡಲೇ ಬಾಗಿಲನ್ನು ಒಂದು ಗೇಣು ಸರಿಸಿ ಗಾಳಿ ಮೂಸುತ್ತಾಳೆ. ಊಟಕ್ಕೆ ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟೇ ಕೂರುವುದು. ಸಿಹಿ ಸಿಕ್ಕರೆ ತಿನ್ನುವುದಿಲ್ಲ, ಬಚ್ಚಿಡುತ್ತಾಳೆ. ಅಕ್ಕಿ ಡಬ್ಬಿಯ ಹಿಂದೆ ಒಣಗಿಸಿದ ಪರ್ಸಿಮನ್ ಹಣ್ಣುಗಳಿವೆ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾಳೆ. ಮಧ್ಯಾಹ್ನ ಬಿಸಿಲು ಬೀಳುವ ಕಡೆ ಹೊಲಿಗೆ ಹಿಡಿದು ಕೂರುತ್ತಾಳೆ. ಬಿಸಿಲು ಸರಿದಂತೆ ತಾನೂ ಸರಿಯುತ್ತಾಳೆ. ಎಡಗೈಯ ಬೆರಳುಗಳು ಮುಷ್ಟಿಗೆ ಬರುವುದಿಲ್ಲ. ಇದು ಯಾವಾಗಿನಿಂದ? ಕೇಳಬೇಕು.

ಯಾಮಾನೆಯನ್ನು ಈಗ ಅವಳು ಉಂಡೆ ಎಂದು ಕರೆಯುತ್ತಾಳೆ. “ಉಂಡೆ ಆರಾಮಾಗಿದೆ,” ಎಂದು ಬೆಳಿಗ್ಗೆ ಬಂದು ವರದಿ ಕೊಡುತ್ತಾಳೆ. ಒಲೆ ಸಂಜೆ ಮಾತ್ರ ಹಚ್ಚುತ್ತೇವೆ, ಅದೂ ಬಾಗಿಲು ಮುಚ್ಚಿ.

ಏಪ್ರಿಲ್ 2

ಹಾಮಾ ಕಿಟಕಿಗಳ ಹಲಗೆ ಕಿತ್ತ. ಬೆಟ್ಟ ಇದ್ದಲ್ಲೇ ಇದೆ. ನಾನು ನೋಡಿದೆ. ಅಕ್ಕ ನಾನು ನೋಡುವುದನ್ನು ನೋಡುತ್ತಿದ್ದಳು.

“ಡಾಕ್ಟರ್ ಅವತ್ತು ಏನ್ ಹೇಳ್ದ ಅಂತ ನೀನು ಕೇಳ್ಲೇ ಇಲ್ಲ,” ಎಂದಳು.

“ಕೇಳೋದೇನಿದೆ? ಕಾಲು ನಂದೇ ಅಲ್ವಾ?”

ಬೆಟ್ಟ ಹತ್ತುವ ಕಾಲಲ್ಲ ಇದು. ಮೆಟ್ಟಿಲು ಹತ್ತಬಹುದು, ಬಸ್ಸು ಹತ್ತಬಹುದು. ಜನವರಿಯಲ್ಲೇ ಗೊತ್ತಿತ್ತು. ಬರೆದದ್ದು ಇವತ್ತು.

ಏಪ್ರಿಲ್ 22

ಮೊನ್ನೆಯಿಂದ ಉಂಡೆಯ ಮೀಸೆ ಅಲುಗುತ್ತಿತ್ತು. ಇನ್ನು ತಡ ಮಾಡುವಂತಿರಲಿಲ್ಲ. ಬೆಳಿಗ್ಗೆ ಹಾಮಾನ ಲಾರಿಯಲ್ಲಿ ಮೂವರೂ ಹೊರಟೆವು. ಮರ ಸಾಗಿಸುವ ದಾರಿ ಮುಗಿಯುವಲ್ಲಿ ಲಾರಿ ನಿಂತಿತು. ಅಲ್ಲಿಂದ ಗುಡಿಸಲಿಗೆ ಕಾಲುದಾರಿ, ತೊರೆಗೆ ಒಂಟಿ ದಿಮ್ಮಿಯ ಸೇತುವೆ. ಇಳಿದು ಸ್ವಲ್ಪ ದೂರ ಕುಂಟಿದೆ. ದಿಮ್ಮಿಯ ಹತ್ತಿರ ಬಂದು ನಿಂತೆ. ಅದರ ಮೇಲೆ ಇನ್ನೂ ಹಿಮವಿತ್ತು.

“ನಾನ್ ಇಟ್ಟು ಬರ್ತೀನಿ ಬಿಡ್ರೀ,” ಎಂದ ಹಾಮಾ.

“ನೀನಾ? ಮೊದಲನೇ ಮರದ ಬುಡದಲ್ಲಿಟ್ಟು, ಸಿಗರೇಟು ಸೇದಿ ವಾಪಸ್ ಬರ್ತೀಯ,” ಎಂದಳು ಅಕ್ಕ. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಳು. “ಯಾವ ಮರ, ಹೇಳು.”

ಹೇಳಿದೆ. ಗುಡಿಸಲಿನ ಹಿಂದೆ, ಸಿಡಿಲು ಬಡಿದು ಸೀಳಿದ ಓಕ್ ಮರ, ಎದೆಯೆತ್ತರಕ್ಕೆ ಪೊಟರೆ. ಕ್ಯಾಮೆರಾವನ್ನು ಅವಳ ಕುತ್ತಿಗೆಗೆ ಹಾಕಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿದೆ. ಅವಳು ದಿಮ್ಮಿಯ ಮೇಲೆ ಕೂತುಕೊಂಡೇ, ಅಂಗುಲ ಅಂಗುಲವಾಗಿ ಸರಿದು ದಾಟಿದಳು. ಆಚೆ ಎದ್ದು ನಿಂತು ಬಟ್ಟೆಯ ಹಿಮ ಕೊಡವಿಕೊಂಡು ಮರಗಳ ನಡುವೆ ಮರೆಯಾದಳು. ಈ ಬೆಟ್ಟಕ್ಕೆ ಅವಳು ಕಾಲಿಟ್ಟದ್ದು ಇದೇ ಮೊದಲು.

ಕಾದೆ. ಎಷ್ಟೋ ಪ್ರಾಣಿಗಳಿಗಾಗಿ ಕಾದಿದ್ದೇನೆ, ಇಷ್ಟು ಹೆದರಿಕೊಂಡು ಎಂದೂ ಕಾದಿರಲಿಲ್ಲ. ದಿಮ್ಮಿಯ ಈಚೆ ಕಲ್ಲಿನ ಮೇಲೆ ಕೂತು ಎರಡು ಸಲ ಕೂಗಿದೆ. ಉತ್ತರವಿಲ್ಲ. ನಾನು ತೆವಳಿಕೊಂಡಾದರೂ ದಾಟುತ್ತೇನೆ ಎಂದಾಗ ಹಾಮಾ ನನ್ನ ಕೊರಳಪಟ್ಟಿ ಹಿಡಿದುಕೊಂಡ.

ಬಂದಳು. ಮೊಣಕಾಲಿಗೆಲ್ಲ ಮಣ್ಣು, ಕೆನ್ನೆಗೆ ಗೀರು, ಮುಖ ಕೆಂಪಾಗಿದೆ.

“ಕಣ್ಣು ಬಿಡ್ತಾ?”

“ಬಿಡ್ತು. ಕರಿ ಎಳ್ಳು ಥರ ಕಣ್ಣು. ಪೊಟರೇಲಿ ಇಟ್ಟೆ, ಸುಮ್ನಿತ್ತು. ಆಮೇಲೆ ನಡುಗ್ತು. ಆಮೇಲೆ ಒಂದು ಕಣ್ಣು, ಆಮೇಲೆ ಇನ್ನೊಂದು.”

“ಯಾವ ಕಣ್ಣು ಮೊದಲು?”

“ನಂಗೇನ್ ಗೊತ್ತೋ, ನಾನು ಅಳ್ತಿದ್ದೆ.”

“ಫೋಟೋ?”

“ಇರೋದು ಎರಡು ಕೈ. ಒಂದ್ರಲ್ಲಿ ಅದು, ಒಂದ್ರಲ್ಲಿ ಮರ. ನಿನ್ನ ಡಬ್ಬಿ ಹಿಡ್ಕೊಳ್ಳೋಕೆ ಮೂರನೇ ಕೈ ಎಲ್ಲಿಂದ ತರ್ಲಿ?”

ಕೋಪ ಬರಬೇಕಿತ್ತು. ಬರಲಿಲ್ಲ. ಆಮೇಲೆ ನನ್ನ ಬಾಯಿಂದ ಬಂದ ಪ್ರಶ್ನೆಗೆ ನನಗೇ ನಾಚಿಕೆಯಾಯಿತು. ಓದುಗರು ಇದನ್ನೇ ಕೇಳಿ ಪತ್ರ ಬರೆದಾಗ, ಕಾಡಿನ ಪ್ರಾಣಿಗೆ ಅಂಥ ಭಾವುಕತೆ ಇರುವುದಿಲ್ಲ ಎಂದು ಎಷ್ಟು ಸಲ ಗದರಿಸಿಲ್ಲ ನಾನು?

“ತಿರುಗಿ ನೋಡ್ತಾ, ಅಕ್ಕ?”

“ಇಲ್ಲ. ಕೊಂಬೆ ಅಡಿಗೆ ಜೋತ್ಕೊಂಡು ಸರ್ರ್ ಅಂತ ಹೋಗ್ಬಿಡ್ತು.” ಅವಳು ಬಟ್ಟೆಯಿಂದ ಮೂಗು ಒರೆಸಿಕೊಂಡಳು. “ನೀನು ಊರು ಬಿಟ್ಟ ದಿನ ನಾನು ಬಸ್ಸಿನ ಹಿಂದೆ ಓಡಿದ್ದೆ. ನೀನೂ ನೋಡ್ಲಿಲ್ಲ. ಇರ್ಲಿ ಬಿಡು, ಚೆನ್ನಾಗಿದ್ರೆ ಸಾಕು ಅಂದ್ಕೊಂಡೆ. ಇವತ್ತೂ ಅದನ್ನೇ ಅಂದ್ಕೊಂಡೆ.”

ಓಡಿದ್ದಳೇ? ನನಗೆ ಗೊತ್ತೇ ಇರಲಿಲ್ಲ.

ಲಾರಿಯಲ್ಲಿ ಅಕ್ಕ ನಡುವೆ ಕೂತಳು. ಮೊದಲ ತಿರುವು ದಾಟುವಷ್ಟರಲ್ಲಿ ನಿದ್ದೆ ಹೋದಳು. ತಲೆ ನನ್ನ ಭುಜದ ಮೇಲೆ ಬಿತ್ತು, ಬಾಯಿ ಅರ್ಧ ತೆರೆದಿದೆ, ಕೂದಲಲ್ಲಿ ಪಾಚಿ. ಮಡಚದ ಕಾಲನ್ನು ಚಾಚಲು ಜಾಗವಿರಲಿಲ್ಲ, ನೋವು ಸೊಂಟದವರೆಗೆ ಹತ್ತಿತು. ಚಾಚಿದರೆ ಭುಜ ಅಲುಗುತ್ತದೆ. ಹಾಗೇ ಕೂತೆ. ದಾರಿಯಲ್ಲಿನ ಸಂತೆ ಊರು ದಾಟಿದಾಗ ಹಾಮಾ ರೇಡಿಯೊ ಗುಂಡಿಗೆ ಕೈ ಹಾಕಿದ. ನಾನು ಅವನ ಕೈ ಹಿಡಿದೆ.

“ಏಳಿಸ್ಬೇಡ,” ಎಂದೆ.